ಹುಳದ ತವರುಮನಿ

ಆಗಸ್ಟ್ 11

ಈ ಡೈರಿ ಎಣ್ಣೆ ಅಂಗಡಿಯವರು ಅಪ್ಪನಿಗೆ ಕೊಟ್ಟದ್ದು. ಹುಳಕ್ಕೆ ಹೊಡೆಯುವ ಎಣ್ಣೆಯನ್ನು ವರ್ಷವೆಲ್ಲ ಅವರ ಹತ್ತಿರವೇ ಕೊಳ್ಳುತ್ತಿದ್ದನೆಂದು ಪ್ರತಿ ಜನವರಿಗೆ ಒಂದು ಕೊಡುತ್ತಿದ್ದರು. ಅಪ್ಪ ಫೆಬ್ರುವರಿಯಲ್ಲಿ ತೀರಿಕೊಂಡ. ಹಾಳೆಗಳೆಲ್ಲ ಖಾಲಿ. ಗೋಡೆಯ ಜೊತೆ ಮಾತಾಡುವುದಕ್ಕಿಂತ ಇದರಲ್ಲಿ ಬರೆಯುವುದು ವಾಸಿ ಅನ್ನಿಸಿತು.

ಇವತ್ತು ಸಿರುಗುಪ್ಪದಿಂದ ತಮ್ಮ ಭೀಮರಾಜ ಬಂದಿದ್ದ. ಬಳ್ಳಾರಿ ಡಾಕ್ಟರು ನನಗೆ ಹೇಳಿದ್ದು ಅವನಿಗೆ ಗೊತ್ತು. ಈ ಉಬ್ಬಸಕ್ಕೆ ಎಣ್ಣೆಯ ಗಾಳಿ ಸೋಕಬಾರದು, ಹೊಡೆಯುವ ಮಾತಂತೂ ಎತ್ತಲೇಬೇಡಿ ಅಂದಿದ್ದರು. ಎಣ್ಣೆ ಇಲ್ಲದೆ ಕುರುಗೋಡಿನಲ್ಲಿ ಬದನೆ ಬೆಳೆದವರನ್ನು ನಾನೂ ಕಂಡಿಲ್ಲ. ಅದಕ್ಕೆ ಹೊಲವನ್ನು ಪಕ್ಕದ ಹೊಲದವನಿಗೇ ಗುತ್ತಿಗೆ ಕೊಟ್ಟು ಸಿರುಗುಪ್ಪಕ್ಕೆ ಬಂದುಬಿಡು ಅಂತ ಅವನ ಮಾತು. ಅವನು ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾನೆ, ಹೆಂಡತಿ ಶೀಲಾ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹಿಂದಿನ ಕೋಣೆಗೆ ನನಗೆಂದೇ ಸುಣ್ಣ ಹೊಡೆಸಿದ್ದಾರಂತೆ.

"ಅಲ್ಲಿ ನೀ ಏನೂ ಮಾಡಬ್ಯಾಡಕ್ಕ. ಮನಿ ನೋಡಿಕ್ಯಂತ ಇದ್ರ ಸಾಕು," ಅಂದ.

ಮನೆ ನೋಡಿಕೊಳ್ಳುವುದೂ ಏನೂ ಮಾಡದಿರುವುದೂ ಒಂದೇ ಹೆಂಗಾದೀತು ಅಂತ ನಾನು ಕೇಳಲಿಲ್ಲ. ಅಪ್ಪನ ಮನೆ ಇಷ್ಟು ವರ್ಷ ನೋಡಿಕೊಂಡೆ. ಆಗಲೂ ಊರವರು ನನ್ನ ಬಗ್ಗೆ, ವಿರೂಪಮ್ಮ ಏನೂ ಮಾಡಲಿಲ್ಲ, ಮದುವಿ ಸೈತ ಆಗಲಿಲ್ಲ ಅಂತಲೇ ಅಂದರು. ಈ ಒಂದು ಬೆಳೆ ಎಣ್ಣೆ ಇಲ್ಲದೆ ಮಾಡಿ ನೋಡ್ತೀನಿ ಅಂದೆ. ಅವನು, ಡಿಸೆಂಬರಿನ ಎಳ್ಳಮವಾಸ್ಯೆ ತನಕ ನೋಡು, ಬೆಳೆ ಕೈಗೆ ಹತ್ತಲಿಲ್ಲ ಅಂದ್ರೆ ನಾನೇ ಬಂದು ಕರಕೊಂಡು ಹೋಗ್ತೀನಿ ಅಂದ. ಸಿಟ್ಟಿನಿಂದ ಅಂದಿದ್ದರೆ ಜಗಳ ತೆಗೆಯಬಹುದಿತ್ತು. ಅಕ್ಕರೆಯಿಂದಲೇ ಅಂದ. ಹೂಂ ಅನ್ನಬೇಕಾಯಿತು.

ಆಗಸ್ಟ್ 24

ಸಸಿ ನಾಟಿ ಮುಗಿಯಿತು. ಮುಳ್ಳುಬದನೆ, ಎಣ್ಣೆಗಾಯಿ ಮಾಡುವ ಗುಂಡನೆಯದು. ಪಕ್ಕೀರಮ್ಮ ಇನ್ನೊಂದಿಬ್ಬರನ್ನು ಕರಕೊಂಡು ಬಂದಿದ್ದಳು. ಅಪ್ಪನ ಕಾಲದಿಂದ ನಮ್ಮ ಹೊಲಕ್ಕೆ ಕೂಲಿಗೆ ಬರುವವಳು ಅವಳು. ಹೋದ ತಿಂಗಳು ಕೃಷಿ ಇಲಾಖೆಯವರ ಎಣ್ಣೆ ಇಲ್ಲದ ಬೇಸಾಯದ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಅಂಚಿಗೆಲ್ಲ ಒತ್ತಾಗಿ ಮೆಕ್ಕೆಜೋಳ ಹಾಕಿದೆ, ಬದನೆ ಸಾಲಿನ ನಡುವೆ ಅಲ್ಲಲ್ಲಿ ಚೆಂಡುಹೂ. ಜೋಳ ಎತ್ತರ ಬೆಳೆದರೆ ಪಕ್ಕದ ಹೊಲದ ಎಣ್ಣೆ ಗಾಳಿಗೆ ಅಡ್ಡ ಆಗುತ್ತದಂತೆ.

ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ನೋಡುತ್ತಿದ್ದ. ಶೇಕ್ಷಾವಲಿ ಅಂತ ಹೆಸರು. ಬಳ್ಳಾರಿಯವನು, ಮೊದಲು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದನಂತೆ. ಈಚೆಗೆ ಗುತ್ತಿಗೆ ಹಿಡಿದು ಮೆಣಸಿನಕಾಯಿ ಹಾಕುತ್ತಾನೆ, ಹೆಂಡತಿಯೂ ಜೊತೆಗೆ ದುಡಿಯುತ್ತಾಳೆ. ಬದನೆ ನಡುವೆ ಹೂವು ಯಾಕಕ್ಕ, ಮದುವಿ ಐತೇನು ಅಂತ ಕೇಳಿದ. ಪಕ್ಕೀರಮ್ಮ ನಕ್ಕಳು. ನಾನು ನೀರು ಬಿಡಲು ಹೋದೆ.

ಸೆಪ್ಟೆಂಬರ್ 13

ಕುಡಿ ಬಾಡಲು ಶುರುವಾಗಿವೆ. ಬೆಳಿಗ್ಗೆ ನೋಡಿದರೆ ಗಿಡವೆಲ್ಲ ಹಸಿರಾಗಿದ್ದು, ತುದಿ ಮಾತ್ರ ತಲೆ ತಗ್ಗಿಸಿರುತ್ತದೆ. ಮುರಿದು ಸೀಳಿದರೆ ಒಳಗೆ ಗುಲಾಬಿ ಬಣ್ಣದ ಹುಳ. ಇವೇ ಮುಂದೆ ಕಾಯಿ ಕೊರೆಯುವುದು. ಬಾಡಿದ ಕುಡಿಯನ್ನು ಅವತ್ತಿಂದವತ್ತೇ ಮುರಿದು ಸುಡಬೇಕು, ಬಿಟ್ಟರೆ ಪತಂಗವಾಗಿ ಹಾರಿ ಇನ್ನೊಂದು ಗಿಡಕ್ಕೆ ಮೊಟ್ಟೆ ಇಡುತ್ತದೆ.

ಎಣ್ಣೆ ಹೊಡೆಯುವಾಗ ಹುಳ ಸಾಯುವುದನ್ನು ನಾವು ನೋಡುತ್ತಿರಲಿಲ್ಲ. ಈಗ ಒಂದೊಂದನ್ನೂ ನೋಡಬೇಕು. ಮಧ್ಯಾಹ್ನ ರೊಟ್ಟಿ ಮುರಿಯುವಾಗ ಬೆರಳು ಹಿಂದೆ ಸರಿಯಿತು.

ಸೆಪ್ಟೆಂಬರ್ 19

ಪಕ್ಕೀರಮ್ಮ ಬರುವುದಿಲ್ಲ ಅಂದಳು. ಕೂಲಿ ಕಡಿಮೆ ಆಯಿತೇನು ಅಂತ ಕೇಳಿದೆ. ಅಲ್ಲವಂತೆ. ಅವಳ ಮನೆಯ ಮುಂದೆಯೇ ನಿಂತು ಮಾತಾಡಿದ್ದು, ಒಳಗೆ ಕರೆಯಲಿಲ್ಲ.

"ಮೆಣಸಿನಕಾಯಿ ಹೊಲಕ್ಕ ಹೋದ್ರ ಹತ್ತ್ ಮಂದಿ ಇರ್ತೀವಿ, ಮಾತಾಡಿಕ್ಯಂತ ಹೊತ್ತು ಹೋಗತೈತಿ. ನಿನ್ನ ಹೊಲ್ದಾಗ ದಿನಾ ನಾನೊಬ್ಬಾಕಿ, ನೀನೊಬ್ಬಾಕಿ. ನೀ ಮಾತಾಡಂಗಿಲ್ಲ. ಹುಳದ ಮಕ ನೋಡಿಕ್ಯಂತ ಎಷ್ಟು ದಿನ ಇರಾದು?"

ಅವಳ ಮಾತು ಸುಳ್ಳಲ್ಲ. ನಾಟಿಗೆ, ಕಳೆಗೆ ಮಂದಿ ಬೇಕು, ಒಂದೆರಡು ದಿನದ ಕೆಲಸ. ಈ ಕುಡಿ ಮುರಿಯುವುದು ದಿನವೂ ಇರುವುದು, ಒಬ್ಬರಿಗೆ ಹೆಚ್ಚು, ಇಬ್ಬರಿಗೆ ಕಡಿಮೆ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಮಾತಾಡುವುದಿಲ್ಲ ಅಂದಳಲ್ಲ. ನಾನು ಮಾತಾಡುತ್ತಿದ್ದೆ ಅಂದುಕೊಂಡಿದ್ದೆ.

ಅಕ್ಟೋಬರ್ 5

ಬೇವಿನ ಬೀಜ ಕುಟ್ಟಿ ನೆನೆಸಿ ಹಿಂಡಿ, ಆ ನೀರನ್ನು ವಾರಕ್ಕೊಮ್ಮೆ ಸಂಜೆ ಹೊತ್ತು ಹೊಡೆಯುತ್ತಿದ್ದೇನೆ. ಮಳೆ ಬಂದರೆ ತೊಳೆದು ಹೋಗುತ್ತದೆ, ಮತ್ತೆ ಕುಟ್ಟಬೇಕು. ಎಷ್ಟು ಸೋಪು ಹಚ್ಚಿದರೂ ಕೈಯ ವಾಸನೆ ಹೋಗುವುದಿಲ್ಲ.

ಇವತ್ತು ಬಳ್ಳಾರಿಗೆ ಹೋಗಿದ್ದು ಮೊಟ್ಟೆ ಕಾರ್ಡು ತರಲು. ಅಂಗೈ ಅಗಲದ ರಟ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಅಂಟಿಸಿರುತ್ತಾರೆ. ಅದರಿಂದ ಹೊರಡುವ ಪುಟ್ಟ ಕಣಜ ನಮ್ಮ ಬದನೆ ಪತಂಗದ ಮೊಟ್ಟೆಯನ್ನು ಹುಡುಕಿ ಹಾಳು ಮಾಡುತ್ತದೆ. ಇವತ್ತೇ ಗಿಡಕ್ಕೆ ಕಟ್ಟಿಬಿಡಿ, ನಾಳೆಗೆ ಇಟ್ಟುಕೊಳ್ಳಬೇಡಿ, ಬಿಸಿಲಿಗೆ ಹಿಡಿಯಬೇಡಿ ಅಂತ ಕೊಟ್ಟವರು ಹೇಳಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಳ್ಳಾರಿ ಮಗ್ಗುಲಿನ ಸಂಗನಕಲ್ಲಿನ ಗುಡ್ಡ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವ ತನಕ ನೆರಳಿಲ್ಲದ ರಸ್ತೆ. ಸೆರಗನ್ನು ಚೀಲಕ್ಕೆ ಹೊದಿಸಿ, ನನ್ನ ನೆರಳಿನಲ್ಲಿ ಅದನ್ನು ಇಟ್ಟುಕೊಂಡು ನಿಂತೆ.

ಮುಂದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಟ್ಟೆ ಬಿಚ್ಚಿ ನೋಡಿದರೆ ಕಾರ್ಡಿನ ಮೇಲೆ ಧೂಳಿನಂಥ ಚುಕ್ಕೆಗಳು ಓಡಾಡುತ್ತಿವೆ. ಆಗಲೇ ಹೊರಟುಬಿಟ್ಟಿದ್ದವು. ನನ್ನ ಮಣಿಕಟ್ಟಿನ ಮೇಲೆ, ಕಿಟಕಿಯ ಸರಳಿನ ಮೇಲೆ, ಮುಂದಿನ ಸೀಟಿನವನ ಕಾಲರಿನ ಮೇಲೆ. ಯಾರಿಗೂ ಕಾಣಲಿಲ್ಲ. ಬದನೆ ಹೊಲ ಕಾಯಬೇಕಾದ ಪಡೆ ಸರಕಾರಿ ಬಸ್ಸಿನಲ್ಲೇ ಇಳಿದುಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊದಲೇ ಮೂಗಿಗೆ ಸೆರಗು ಹಿಡಿದಿದ್ದಳು, ಒಬ್ಬಳೇ ನಗುವುದನ್ನು ಕಂಡು ಎದ್ದು ಹಿಂದಿನ ಸೀಟಿಗೆ ಹೋದಳು.

ಉಳಿದ ಕಾರ್ಡುಗಳನ್ನು ಕತ್ತಲಾಗುವ ಮುಂಚೆ ಎಲೆಯ ಅಡಿಗೆ ಕಟ್ಟಿದೆ. ಅವುಗಳಲ್ಲಿ ಜೀವ ಎಷ್ಟು ಉಳಿದಿತ್ತೋ ಗೊತ್ತಿಲ್ಲ.

ಅಕ್ಟೋಬರ್ 12

ದಸರೆ. ಬನ್ನಿ ಕೊಡಲು ನಾನೇ ಓಣಿಯ ಮನೆಗಳಿಗೆ ಹೋಗಿ ಬಂದೆ. ತಗೊಂಡರು. ಕೂರು ಅನ್ನಲಿಲ್ಲ. ಕೈಯ ವಾಸನೆ ಇರಬೇಕು.

ಅಕ್ಟೋಬರ್ 18

ಪಕ್ಕದ ಹೊಲದವನು ಇವತ್ತು ಬದು ದಾಟಿ ಬಂದ. ಚಪ್ಪಲಿ ಆಚೆಗೆ ಬಿಟ್ಟು ಬಂದದ್ದು ಗಮನಿಸಿದೆ. ಅವನ ಮೆಣಸಿನ ಎಲೆ ಮುದುಡುತ್ತಿದೆ. ನೀವು ಎಣ್ಣೆ ಹೊಡೆಯುವುದಿಲ್ಲ, ನಾನು ಹೊಡೆದಾಗಲೆಲ್ಲ ಹುಳ ಓಡಿ ಬಂದು ಇಲ್ಲಿ ಉಳಿದು, ಆಮೇಲೆ ತಿರುಗಿ ಬರುತ್ತವೆ ಅಂತ ಅವನ ಲೆಕ್ಕ. ಹೊಡೆಸುವ ಖರ್ಚು ನನ್ನದೇ ಇರಲಿ, ಆವತ್ತು ನೀವು ಊರೊಳಗೆ ಇದ್ದುಬಿಡಿ ಅಂತಲೂ ಅಂದ.

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಹೊಲ ಹುಳದ ತವರುಮನಿ ಆಗೈತಿ. ಒಂದೇ ಸಲ ಹೊಡಸಾಣ."

ಬದನೆ ಕೊರಕ ಮೆಣಸಿನಕಾಯಿಗೆ ಬರುವುದಿಲ್ಲ ಅಂತ ಹೇಳಿದೆ. ಬಿಳಿ ನೊಣ, ನುಸಿ ಬರುತ್ತವಲ್ಲ ಅಂದ. ಬರುತ್ತವೆ. ನೊಣ ಹಿಡಿಯಲು ಕಟ್ಟಿದ್ದ ಹಳದಿ ಅಂಟು ಹಾಳೆ ತೋರಿಸಿದೆ. ಅವನು ಅಂಟಿನ ಮೇಲೆ ಸತ್ತ ನೊಣಗಳನ್ನು ಬಹಳ ಹೊತ್ತು ನೋಡಿದ.

ಎಣ್ಣೆ ಹೊಡೆಸುವುದಿಲ್ಲ ಅಂದೆ. ಯಾಕೆ ಅಂತ ಡಾಕ್ಟರ ಮಾತನ್ನೂ ಹೇಳಿದೆ. ಹಂಗಾದರೆ ನಾನು ಹೊಡೆಯುವ ಹಿಂದಿನ ಸಂಜೆ ಫೋನ್ ಮಾಡ್ತೀನಿ, ಮರುದಿನ ನೀವು ಬರಬೇಡಿ ಅಂದ. ನಂಬರು ಬರಕೊಂಡು ಹೋದ. ಅಪ್ಪ ಹೋದ ಮೇಲೆ ಭೀಮರಾಜನನ್ನು ಬಿಟ್ಟರೆ ನನ್ನ ನಂಬರು ಕೇಳಿದವನು ಇವನೊಬ್ಬನೇ.

ಅಕ್ಟೋಬರ್ 29

ಮೊದಲ ಕೊಯ್ಲು. ಬೆಳಗಿನ ಟೆಂಪೋದಲ್ಲಿ ಬಳ್ಳಾರಿ ಮಾರ್ಕೆಟ್ಟಿಗೆ ನಾನೇ ಒಯ್ದೆ. ತೂತಿರುವುದನ್ನೆಲ್ಲ ಆರಿಸಿ ತೆಗೆದಿದ್ದೆ, ಆದರೂ ಕೆಲವು ಉಳಿದಿದ್ದವು. ದಲಾಲಿ ಒಂದು ಕಾಯಿ ಎತ್ತಿ ತಿರುಗಿಸಿ ನೋಡಿ, ಚೀಲವನ್ನು ಎಲ್ಲಕ್ಕಿಂತ ಹಿಂದಿನ ಗುಂಪಿಗೆ ತಳ್ಳಿಸಿದ. ಪಕ್ಕದ ಗುಂಪಿನ ಬದನೆ ಎಣ್ಣೆ ಸವರಿದಂತೆ ಮಿಂಚುತ್ತಿತ್ತು.

ಇದಕ್ಕೆ ಎಣ್ಣೆ ಹೊಡೆದಿಲ್ಲಪ್ಪ ಅಂದೆ. ಅವನು ಬೈಯಲಿಲ್ಲ. ತಿಳಿಸಿ ಹೇಳುವವರ ಹಾಗೆ ಹೇಳಿದ.

"ಅಮ್ಮಾ, ಹೊಡದಿಲ್ಲ ಅನ್ನಾದು ಹೊರಗ ಕಾಣಂಗಿಲ್ಲ. ತೂತು ಕಾಣತೈತಿ."

ವಾಪಸು ಬರುವಾಗ ಬಸ್ಸಿನಲ್ಲಿ ಎರಡು ಸೀಟಿನಲ್ಲಿ ಒಬ್ಬಳೇ ಕೂತು ಬಂದೆ.

ನವೆಂಬರ್ 2

ದೀಪಾವಳಿ. ಬದನೆಕಾಯಿ ಪಲ್ಯ. ನಿನ್ನೆಯೂ ಅದೇ.

ನವೆಂಬರ್ 14

ಗುಲಗಂಜಿ ಹುಳ ಬಂದಿವೆ! ಕೆಂಪು ಬೆನ್ನಿಗೆ ಕರಿ ಚುಕ್ಕೆಯವು. ಚಿಕ್ಕವಳಿದ್ದಾಗ ಕೈಮೇಲೆ ಹರಿಯಲು ಬಿಟ್ಟುಕೊಳ್ಳುತ್ತಿದ್ದೆವು, ಆಮೇಲೆ ಯಾವಾಗ ಕಾಣದಾದವೋ ನೆನಪಿಲ್ಲ. ಮೆಕ್ಕೆಜೋಳದ ಸುಳಿಯಲ್ಲಿ ಮೊದಲು ಕಂಡವು. ಇಳಿದು ಬದನೆಗೂ ಬಂದಿವೆ. ಎಲೆಯ ಅಡಿಯಲ್ಲಿ ರಸ ಹೀರುವ ಹೇನನ್ನು ಒಂದರ ಹಿಂದೊಂದು ತಿನ್ನುತ್ತಿದ್ದವು. ಬಗ್ಗಿ ನಿಂತು ನೋಡುತ್ತಾ ಬಿಸಿಲು ನೆತ್ತಿಗೆ ಬಂದದ್ದೇ ತಿಳಿಯಲಿಲ್ಲ.

ಯಾರಿಗಾದರೂ ಹೇಳಬೇಕು ಅನ್ನಿಸಿತು. ಭೀಮರಾಜನಿಗೆ ಫೋನ್ ಮಾಡಿದರೆ ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಆರಾಮ ಅದೀಯಲ್ಲ ಅಂದು ಇಟ್ಟ. ಆಚೆ ಹೊಲದಲ್ಲಿ ಶೇಕ್ಷಾವಲಿಯ ಹೆಂಡತಿ ಕುಬ್ರಾಬಿ ಒಬ್ಬಳೇ ಕಳೆ ತೆಗೆಯುತ್ತಿದ್ದಳು. ಬದುವಿಗೆ ಹೋಗಿ ಕರೆದೆ. ಇದೇನು ಕರೀತಾಳೆ ಅನ್ನುವ ಹಾಗೆ ಬಂದಳು. ತೋರಿಸಿದೆ. ಅವಳು ಒಂದನ್ನು ಬೆರಳ ಮೇಲೆ ಹತ್ತಿಸಿಕೊಂಡು, ಅದು ತುದಿಗೆ ಹೋಗಿ ರೆಕ್ಕೆ ಬಿಚ್ಚಿ ಹಾರುವ ತನಕ ಉಸಿರು ಹಿಡಿದು ನಿಂತಳು. ನಮ್ಮ ಹೊಲದಾಗ ಒಂದೂ ಇಲ್ಲಲ್ಲ ಅಂದಳು.

ನವೆಂಬರ್ 23, ಸಿರುಗುಪ್ಪ

ಈಗ ಬರೆಯುವಷ್ಟು ಆರಾಮ ಆಗಿದ್ದೇನೆ. ಡೈರಿ ಹೊಲದ ಚೀಲದಲ್ಲೇ ಇತ್ತು, ಜೊತೆಗೆ ಬಂತು.

ಮೊನ್ನೆ ಸೋಮವಾರ ಸಂಜೆ ಫೋನ್ ಬಂದಿರಲಿಲ್ಲ. ಹಾಗಾಗಿ ಮಂಗಳವಾರ ಎಂದಿನಂತೆ ಹೊಲಕ್ಕೆ ಹೋದೆ. ಕಡೆಯ ಸಾಲಿನಲ್ಲಿ ಬಗ್ಗಿ ಕುಡಿ ಮುರಿಯುತ್ತಿದ್ದೆ. ಟ್ರ್ಯಾಕ್ಟರಿನ ಸದ್ದು ಕೇಳಿ ಎದ್ದು ನೋಡುವಷ್ಟರಲ್ಲಿ ಗಾಳಿ ಈ ಕಡೆ ತಿರುಗಿತ್ತು. ಮೆಕ್ಕೆಜೋಳ ಎಷ್ಟನ್ನು ತಡೆದೀತು? ಮೊದಲು ನಾಲಿಗೆಗೆ ಕಹಿ. ಆಮೇಲೆ ಎದೆಯ ಮೇಲೆ ಯಾರೋ ಕೂತಂತೆ. ಉಬ್ಬಸದ ಪಂಪು ಆ ಕಡೆಯ ಬದುವಿನ ಚೀಲದಲ್ಲಿತ್ತು, ಅಷ್ಟು ದೂರ ಕಾಲು ಹೋಗಲಿಲ್ಲ.

ಕೂಗಲು ಉಸಿರು ಇರಲಿಲ್ಲ. ಜೋಳದ ಸಂದಿನಲ್ಲಿ ನನ್ನ ಸೀರೆ ನೆಲದ ಮೇಲೆ ಕಂಡು ಕುಬ್ರಾಬಿ ಓಡಿ ಬಂದಳಂತೆ. ನನಗೆ ನೆನಪಿರುವುದು ಬೈಕು. ಮುಂದೆ ಶೇಕ್ಷಾವಲಿ, ನಡುವೆ ನಾನು, ಹಿಂದಿನಿಂದ ಕುಬ್ರಾಬಿ ಎರಡೂ ಕೈಯಿಂದ ನನ್ನನ್ನು ಬಳಸಿ ಹಿಡಿದಿದ್ದಳು. ಅವನ ಅಂಗಿಯಿಂದ ಅದೇ ಎಣ್ಣೆಯ ವಾಸನೆ ಬರುತ್ತಿತ್ತು. ಮುಖ ತಿರುಗಿಸಿ ಅವಳ ಕೈಗೆ ಒತ್ತಿಕೊಂಡೆ. ಆಸ್ಪತ್ರೆಯಲ್ಲಿ ಅವಳು ನನ್ನ ಮಂಚದ ಪಕ್ಕದಲ್ಲೇ ಕೂತಿದ್ದಳು. ಹೊಡೆಯುವ ಮಷಿನ್ ನಾಳೆ ಬರಬೇಕಾದದ್ದು, ಇವತ್ತೇ ಖಾಲಿ ಇದೆ ಅಂತ ಬಂದುಬಿಟ್ಟಿತು, ಗಡಿಬಿಡಿಯಲ್ಲಿ ನಮ್ಮವರಿಗೆ ಫೋನು ಮರೆತೇ ಹೋಯಿತು ಅಂತ ಮತ್ತೆ ಮತ್ತೆ ಅಂದಳು. ಶೇಕ್ಷಾವಲಿ ಬಾಗಿಲ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ.

ಸಂಜೆಗೆ ಭೀಮರಾಜ ಬಂದ. ಅವನು ಅವರಿಬ್ಬರ ಜೊತೆ ಒಂದು ಮಾತೂ ಆಡಲಿಲ್ಲ. ಬಿಡಿಸಿಕೊಂಡು ನೇರ ಇಲ್ಲಿಗೆ ಕರಕೊಂಡು ಬಂದ.

ನವೆಂಬರ್ 27, ಸಿರುಗುಪ್ಪ

ಕೋಣೆ ಚೆನ್ನಾಗಿದೆ. ಸುಣ್ಣದ ವಾಸನೆ ಇನ್ನೂ ಇದೆ. ಶೀಲಾ ಹೊತ್ತು ಹೊತ್ತಿಗೆ ಊಟ ಕೊಡುತ್ತಾಳೆ, ಪಾತ್ರೆ ಮುಟ್ಟಿದರೆ ಬೇಡ ಅನ್ನುತ್ತಾಳೆ. ಒಳ್ಳೆಯವಳು. ಬೆಳಿಗ್ಗೆ ಅವಳು ಅಂಗಡಿಗೆ, ಇವನು ಗಿರಣಿಗೆ. ಬೀದಿಯಲ್ಲಿ ಭತ್ತದ ಲಾರಿಗಳು ಹೋಗುತ್ತಾ ಇರುತ್ತವೆ. ಗಿರಣಿಯ ತೌಡಿನ ಧೂಳು ಕಿಟಕಿಯ ಮೇಲೆ ಕೂರುತ್ತದೆ, ಬೆರಳಿನಿಂದ ಗೆರೆ ಎಳೆಯಬಹುದು. ಇಲ್ಲಿಯೂ ಪಂಪು ಬೇಕಾಗಿದೆ, ಅವರಿಗೆ ಹೇಳಿಲ್ಲ.

ಇಲ್ಲಿ ನನ್ನ ಕೈಗೆ ಸೋಪಿನ ವಾಸನೆ. ಶೀಲಾ ಪಕ್ಕದಲ್ಲೇ ಕೂತು ಟಿವಿ ನೋಡುತ್ತಾಳೆ. ಹಾಗಿದ್ದೂ ಕುರುಗೋಡಿನ ಮನೆಯಲ್ಲಿ ಒಬ್ಬಳೇ ಇದ್ದಾಗ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಕುಡಿ ಬಾಡಿರುತ್ತವೆ. ವಾರ ಆಯಿತು ಯಾರೂ ಮುರಿದಿಲ್ಲ.

ನವೆಂಬರ್ 30

ಸೀರೆ ತರಬೇಕು ಅಂತ ಹೇಳಿ ಕುರುಗೋಡಿಗೆ ಬಂದೆ. ಬಸ್ಸಿಳಿದು ಮನೆಗೆ ಹೋಗದೆ ನೇರ ಹೊಲಕ್ಕೆ ಹೋದದ್ದು ಕೈಯಲ್ಲಿ ಇನ್ನೂ ಚೀಲ ಇದ್ದದ್ದರಿಂದ ಗೊತ್ತಾಯಿತು.

ಬಹಳ ಹಾಳಾಗಿದೆ. ಬಲಿತ ಕಾಯಿ ಅರ್ಧಕ್ಕರ್ಧ ತೂತು. ಬದುವಿನ ಕಡೆಯ ಸಾಲುಗಳಲ್ಲಿ ಗುಲಗಂಜಿ ಹುಳ ಒಂದೂ ಇಲ್ಲ. ನೆಲದಲ್ಲಿ ಹುಡುಕಿದೆ, ಒಣಗಿದ ಕೆಂಪು ಚಿಪ್ಪು ಸಿಕ್ಕವು. ಒಳಗಿನ ಸಾಲುಗಳಲ್ಲಿ ಒಂದಿಷ್ಟು ಉಳಿದಿವೆ. ಕತ್ತಲಾಗುವ ತನಕ ಕುಡಿ ಮುರಿದೆ. ಕಾಲುವೆಯ ನೀರಿನಲ್ಲಿ ಮುಖ ತೊಳೆದುಕೊಂಡು ಮನೆಗೆ ಬಂದು ನಿದ್ದೆ ಮಾಡಿದೆ. ಬಹಳ ದಿನದ ಮೇಲೆ ನಿದ್ದೆ ಬಂತು.

ಡಿಸೆಂಬರ್ 4

ಭೀಮರಾಜ ಫೋನಿನಲ್ಲಿ ಬೈದ. ಎಳ್ಳಮವಾಸ್ಯೆ ತನಕ ಅಂತ ನೀನೇ ಅಂದಿದ್ದೆ ಅಂದೆ. ಇಟ್ಟುಬಿಟ್ಟ.

ಮಧ್ಯಾಹ್ನ ಶೇಕ್ಷಾವಲಿಯ ಹೊಲಕ್ಕೆ ನಾನೇ ಹೋದೆ. ನನ್ನನ್ನು ಕಂಡು ಎದ್ದು ನಿಂತ. ನಾನು ಆಸ್ಪತ್ರೆಯ ಮಾತು ಎತ್ತಲಿಲ್ಲ, ಅವನಿಗೂ ಎತ್ತಲು ಬಿಡಲಿಲ್ಲ. ಅವನ ಹೊಲ ನೋಡಿದೆ. ಕರಿ ನುಸಿ ಬಿದ್ದಿದೆ. ಹೂವು ಬಿಡಿಸಿ ಅಂಗೈಗೆ ಕುಟ್ಟಿದರೆ ಎಳ್ಳಿನ ಪುಡಿಯಂತೆ ಉದುರಿ ಓಡುತ್ತವೆ. ಹೂವೆಲ್ಲ ಉದುರಿ, ಉಳಿದ ಕಾಯಿ ಸೊಟ್ಟಗಾಗಿವೆ. ಅಂಗಡಿಯವರು ಕೊಟ್ಟದ್ದನ್ನೆಲ್ಲ ಹೊಡೆದನಂತೆ, ಎರಡೆರಡು ಕಲಸಿಯೂ ಹೊಡೆದನಂತೆ. ಅವನ ಕಣ್ಣು ಕೆಂಪಗಿದ್ದವು, ಬೆರಳ ತುದಿಯ ಚರ್ಮ ಸುಲಿದಿತ್ತು.

ಅಷ್ಟಾದರೂ ಯಾಕೆ ಹೊಡೆಯುತ್ತೀರಿ ಅಂತ ಕೇಳಿದೆ. ಕೆಣಕಲು ಅಲ್ಲ.

"ಹುಳ ಸಾಯಂಗಿಲ್ಲ ಅಂತ ನಂಗೂ ಗೊತ್ತೈತಕ್ಕ. ಹೊಡದ ದಿನ ರಾತ್ರಿ ನಿದ್ದಿ ಬರತೈತಿ. ಹುಳಕ್ಕಲ್ಲ, ಹೆದರಿಕಿಗೆ ಹೊಡಿತೀನಿ."

ನನ್ನ ಹೊಲದಿಂದ ಬಂದವು ಅಂತ ಅವನು ಈ ಸಲ ಅನ್ನಲಿಲ್ಲ. ಸುತ್ತಲ ಊರುಗಳಲ್ಲೆಲ್ಲ ಬಿದ್ದಿದೆ. ನನಗೂ ಖುಷಿ ಆಗಲಿಲ್ಲ. ಆಗುತ್ತದೆ ಅಂದುಕೊಂಡಿದ್ದೆನೇನೋ.

ಡಿಸೆಂಬರ್ 11

ದಲಾಲಿಯ ಹತ್ತಿರ ಈ ತೂತು ಕಾಯಿ ಒಯ್ಯುವುದು ವ್ಯರ್ಥ. ಕುರುಗೋಡಿನ ಸಂತೆಯಲ್ಲಿ ಚೀಲ ಹಾಸಿಕೊಂಡು ನಾನೇ ಕೂತೆ. ಮೊದಲ ಒಂದು ಗಂಟೆ ತಲೆ ಎತ್ತಲಾಗಲಿಲ್ಲ. ಬಂದವರು ತೂತು ನೋಡಿ ಮುಂದಕ್ಕೆ ಹೋಗುತ್ತಿದ್ದರು. ಕುಬ್ರಾಬಿ ಸಂತೆಗೆ ಬಂದವಳು ನನ್ನನ್ನು ಕಂಡು ಪಕ್ಕದಲ್ಲಿ ಕೂತಳು. ಈಳಿಗೆ ಕೊಡು ಅಂದಳು. ಬಂದವರ ಎದುರಿಗೇ ಕಾಯಿ ಕೊಯ್ದು, ಹುಳ ತಿಂದ ತುಂಡನ್ನು ತೆಗೆದು ಆಚೆ ಇಟ್ಟು, ಉಳಿದದ್ದನ್ನು ತೋರಿಸಿದಳು. ಒಳಗೆ ಬೆಣ್ಣೆಯಂತೆ ಬಿಳಿ.

"ನೋಡ್ರಿ, ಹುಳ ಜೀವಂತ ಐತಿ. ಇದಕ್ಕ ಏನೂ ಹೊಡದಿಲ್ಲ ಅಂತ ಅದನ್ನ ಕೇಳ್ರಿ," ಅಂದಳು.

ಒಬ್ಬ ಮುದುಕಿ ನಕ್ಕು ತಗೊಂಡಳು. ಆಮೇಲೆ ಇನ್ನೊಬ್ಬರು. ಹುಳ ಕಂಡು ಮುಖ ಕಿವುಚಿ ಹೋದವರೇ ಹೆಚ್ಚು. ಆದರೂ ಮಧ್ಯಾಹ್ನದ ಹೊತ್ತಿಗೆ ನಾನೂ ಕೂಗುತ್ತಿದ್ದೆ. ಪಕ್ಕೀರಮ್ಮ ಎದುರಿಗೆ ಬಂದು ನಿಂತು, ಇದೇನು ನೀ ಕೂಗಾಕತ್ತೀ ಅಂದಳು. ಕಾಲು ಚೀಲ ಉಳಿಯಿತು. ಅದನ್ನು ಕುಬ್ರಾಬಿ, ಪಕ್ಕೀರಮ್ಮ, ನಾನು ಹಂಚಿಕೊಂಡೆವು.

ಡಿಸೆಂಬರ್ 18

ಶೇಕ್ಷಾವಲಿ, ಕುಬ್ರಾಬಿ ಬಳ್ಳಾರಿಗೆ ಹೋದರು. ಗಿಡವನ್ನೆಲ್ಲ ಕಿತ್ತು ಬೆಂಕಿ ಹಚ್ಚಿ, ಹೊಲವನ್ನು ಮಾಲೀಕರಿಗೆ ಬಿಟ್ಟುಕೊಟ್ಟರು. ಮತ್ತೆ ಜೀನ್ಸ್ ಹೊಲಿಗೆ. ಟೆಂಪೋ ತುಂಬುವಾಗ ನಾನೂ ಕೈ ಹಚ್ಚಿದೆ. ಎಣ್ಣೆ ಹೊಡೆಯುವ ಡಬ್ಬಿಯನ್ನು ಶೇಕ್ಷಾವಲಿ ಗಾಡಿಗೆ ಹಾಕಲಿಲ್ಲ, ಎಲ್ಲಿ ಬಿಟ್ಟನೋ ಕೇಳಲಿಲ್ಲ.

ಕುಬ್ರಾಬಿ ಕಡೆಯ ಗಂಟನ್ನು ಏರಿಸಿ ನನ್ನ ಹತ್ತಿರ ಬಂದಳು. ಮಷಿನ್ ಮುಂದೆ ಕೂತರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ ವಿರೂಪಕ್ಕ, ಇಲ್ಲಿ ಬದುವಿನಿಂದ ಕರೆದರೆ ಕೇಳಿಸುತ್ತಿತ್ತು ಅಂದಳು. ಶೇಕ್ಷಾವಲಿ ಇನ್ನು ಮೇಲೆ ನಿಮಗೆ ಆರಾಮ ಅಕ್ಕಾ, ಗಾಳಿ ಚಲೋ ಬರತೈತಿ ಅಂದ. ವ್ಯಂಗ್ಯ ಅಲ್ಲ, ಹಾರೈಸಿದ್ದು.

ಹೌದು. ನಾನು ಆಗಸ್ಟಿನಿಂದ ಬೇಡಿಕೊಂಡದ್ದು ಇದೇ.

ಡಿಸೆಂಬರ್ 22

ಗಾಳಿ ಚೆನ್ನಾಗಿದೆ. ಉಬ್ಬಸ ಇಲ್ಲ. ಆಚೆ ಹೊಲ ಸುಟ್ಟ ಕರಿ ನೆಲ, ಅಲ್ಲಿ ಯಾರೂ ಇಲ್ಲ. ಸಂಜೆ ಫೋನು ಬಂದೀತು ಅಂತ ಎರಡು ಸಲ ನೋಡಿಕೊಂಡೆ. ಯಾಕೆ ಬರುತ್ತದೆ?

ಡಿಸೆಂಬರ್ 30

ಎಳ್ಳಮವಾಸ್ಯೆ. ಕೋಳಿ ಕೂಗುವ ಮುಂಚೆ ಎದ್ದು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಸೇಂಗಾ ಹೋಳಿಗೆ ಎಲ್ಲ ಮಾಡಿದೆ. ಇಷ್ಟು ಯಾರಿಗೆ ಅಂತ ಮಾಡುವಾಗ ಅನ್ನಿಸಲಿಲ್ಲ, ಬುತ್ತಿ ಕಟ್ಟುವಾಗ ಅನ್ನಿಸಿತು.

ಹೊಲಕ್ಕೆ ಹೋದರೆ ಭೀಮರಾಜನ ಬೈಕು ನಿಂತಿತ್ತು. ಶೀಲಾಳೂ ಬಂದಿದ್ದಳು. ಅವಳ ಕೈಯಲ್ಲಿ ದೊಡ್ಡ ಖಾಲಿ ಬ್ಯಾಗು. ನನ್ನ ಸೀರೆ ತುಂಬಲು ತಂದದ್ದು ಅಂತ ನೋಡಿದ ಕೂಡಲೇ ತಿಳಿಯಿತು. ಭೀಮರಾಜ ಸಾಲುಗಳಲ್ಲಿ ಓಡಾಡುತ್ತಿದ್ದ. ಒಂದು ಕಾಯಿ ಕಿತ್ತು ತೂತು ನೋಡಿದ, ಇನ್ನೊಂದು ಕಿತ್ತ, ಅದು ಚೆನ್ನಾಗಿತ್ತು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದ. ಬೆಳೆ ಕೈಗೆ ಹತ್ತಿತೋ ಇಲ್ಲವೋ ಅಂತ ಅವನಿಗೂ ಹೇಳಲಾಗಲಿಲ್ಲ. ನಡುಸಾಲಿನಲ್ಲಿ ಬಗ್ಗಿದ ಶೀಲಾ, ಈ ಕೆಂಪು ಹುಳ ಕಚ್ಚುತ್ತಾವೇನು ಅಂತ ಕೇಳಿದಳು. ಕೈಮೇಲೆ ಬಿಟ್ಟುಕೋ, ಏನೂ ಮಾಡಂಗಿಲ್ಲ ಅಂದೆ.

ಚರಗ ಚೆಲ್ಲುವ ಹೊತ್ತಾಗಿತ್ತು. ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಬುಟ್ಟಿಗೆ ತುಂಬಿಕೊಂಡೆ. ಒಬ್ಬರು ಅದನ್ನು ಭೂಮಿತಾಯಿಗೆ ಚೆಲ್ಲುತ್ತಾ ಮುಂದೆ ಹೋಗಬೇಕು, ಹಿಂದಿನಿಂದ ಇನ್ನೊಬ್ಬರು ನೀರು ಚಿಮುಕಿಸುತ್ತಾ ಬರಬೇಕು. ಹೋದ ವರ್ಷದವರೆಗೂ ಅಪ್ಪ ಮುಂದೆ, ನಾನು ಹಿಂದೆ. ಇವತ್ತು ಬುಟ್ಟಿ ಕಂಕುಳಲ್ಲಿಟ್ಟುಕೊಂಡು ತಂಬಿಗೆಯನ್ನು ಭೀಮರಾಜನ ಕೈಗೆ ಕೊಟ್ಟೆ. ಅವನು ತಂಬಿಗೆ ಹಿಡಿದು ಚಪ್ಪಲಿ ಬಿಟ್ಟ.

ಹೊಲದ ಸುತ್ತ ಹೋದೆವು. ಒಣಗಿದ ಮೆಕ್ಕೆಜೋಳ ಗಾಳಿಗೆ ಸದ್ದು ಮಾಡುತ್ತಿತ್ತು. ಬದುವಿನ ಹತ್ತಿರ ಬಂದಾಗ ಆಚೆಯ ಕರಿ ನೆಲಕ್ಕೂ ಒಂದು ಹಿಡಿ ಎಸೆದೆ.

"ಅಕ್ಕಾ, ಅದು ನಮ್ಮ ಹೊಲ ಅಲ್ಲ," ಅಂದ.

"ಗೊತ್ತೈತಿ."

ಅವನೂ ಬದುವಿನ ಆಚೆಗೆ ಕೈ ಚಾಚಿ ಅಲ್ಲಿಗೂ ನೀರು ಚಿಮುಕಿಸಿದ.

ಮರದ ಕೆಳಗೆ ಮೂವರೂ ಉಂಡೆವು. ಶೀಲಾ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡಳು. ನನ್ನನ್ನು ಕರಕೊಂಡು ಹೋಗುವ ಮಾತು ಏಳಲಿಲ್ಲ, ಗಿರಣಿಯದು, ಅಂಗಡಿಯದು ಅಷ್ಟೇ. ಸಂಜೆ ಹೊರಡುವಾಗ ಆ ಬ್ಯಾಗಿಗೆ ಬದನೆಕಾಯಿ ತುಂಬಿ ಕಳಿಸಿದೆ. ರಸ್ತೆ ತಿರುಗುವ ತನಕ ಬೈಕು ಕಂಡಿತು, ಆಮೇಲೆ ಹೊಲದಲ್ಲಿ ನಾನೊಬ್ಬಳೇ.

ನಾಳೆ ಕಡೆಯ ಸಾಲಿನ ಕುಡಿ ಮುರಿಯಬೇಕು.